“ಹಾಲು ಉಕ್ತಾ ಇದೆ, ಒಲೆ ಆರಿಸ್ಲಾ ಸಾರ್?”

ಮಂಡ್ಯದ ನಮ್ಮ ದೊಡ್ಡಮ್ಮ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ಹೋದ ವರ್ಷ ಒಂದು ಬೆಳಿಗ್ಗೆ ಖಾಕಿ ತೊಟ್ಟವನೊಬ್ಬ ವಿಡಿಯೊ ಕರೆ ಮಾಡಿ, “ನಿಮ್ಮ ಆಧಾರ್ ಮೇಲೆ ಸಿಮ್ ತೆಗೆದು ಹಣ ಸಾಗಿಸಿದ್ದಾರೆ, ನೀವೀಗ ಡಿಜಿಟಲ್ ಅರೆಸ್ಟ್, ಫೋನ್ ಮುಂದಿಂದ ಏಳೋ ಹಾಗಿಲ್ಲ” ಅಂದನಂತೆ. ಅಂಥದ್ದೊಂದು ಅರೆಸ್ಟು ನಮ್ಮ ದೇಶದ ಯಾವ ಕಾನೂನಿನಲ್ಲೂ ಇಲ್ಲ. ದೊಡ್ಡಮ್ಮ ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ದಿನವಿಡೀ ಅದರ ಮುಂದೆ ಕೂತಿದ್ದಾರೆ. ನಡುವೆ ಒಮ್ಮೆ, “ಹಾಲು ಉಕ್ತಾ ಇದೆ, ಒಲೆ ಆರಿಸ್ಲಾ ಸಾರ್?” ಅಂತ ಅವನ ಅಪ್ಪಣೆ ಕೇಳಿದ್ದಾರೆ. ಅವನಿಗೆ ಕಳಿಸಿದ ನಾಲ್ಕು ಲಕ್ಷದ ಲೆಕ್ಕ ನನಗೆ ಒಪ್ಪಿಸುವಾಗ ಗಟ್ಟಿಯಾಗಿದ್ದ ದನಿ, ಈ ಮಾತು ಹೇಳುವಾಗ ನಡುಗಿತು.

ನನಗೆ ಗೊತ್ತಾಗಿದ್ದು ಐದನೇ ದಿನ. “ಯಾರ್ಗೂ ಹೇಳ್ಬೇಡ ಕಣಪ್ಪ” ಅಂದರು. ಕೊನೆಗೆ ನಾನೇ ಒತ್ತಾಯ ಮಾಡಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ಅಷ್ಟರಲ್ಲಿ ದುಡ್ಡು ಖಾತೆಯಿಂದ ಖಾತೆಗೆ ದಾಟಿಹೋಗಿತ್ತು. ದೂರು ಬರೆಸಲು ಹೋದಾಗ ಕೇಳಿದ ಮೊದಲ ಪ್ರಶ್ನೆ: “ಓದಿದೋರು ನೀವು, ಯಾಕಮ್ಮ ಕಳಿಸಿದ್ರಿ?” ನೆಂಟರೂ ಅದನ್ನೇ ಕೇಳಿದರು.

ನಾನಿರುವ ನ್ಯೂಜೆರ್ಸಿಯಲ್ಲಿ ನನಗೂ ಹೀಗೊಂದು ಆಗಿತ್ತು. ಇಲ್ಲಿ ಆಧಾರ್ ನಂಬರಿನ ಹಾಗೆ ಬಳಕೆಯಾಗುವ ನನ್ನ ಸೋಷಿಯಲ್ ಸೆಕ್ಯುರಿಟಿ ನಂಬರ್ ಕದ್ದು ಯಾರೋ ಕ್ರೆಡಿಟ್ ಕಾರ್ಡ್ ಮಾಡಿಸಿದ್ದರು. ಇಂಥ ದೂರು ತಗೊಳ್ಳುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ನಡೆದದ್ದನ್ನು ತುಂಬಿದೆ. ಒಂದು ವರದಿ ಬಂತು, ಜೊತೆಗೆ ಯಾರಿಗೆ ಏನು ಬರೆಯಬೇಕು ಅನ್ನುವ ಪಟ್ಟಿಯೂ ಬಂತು. ಆ ವರದಿಯನ್ನು ಗುರುತಿನ ದಾಖಲೆಯೊಂದಿಗೆ ಕೊಟ್ಟರೆ, ಜನರ ಸಾಲದ ದಾಖಲೆ ಇಡುವ ಕ್ರೆಡಿಟ್ ಸಂಸ್ಥೆಗಳು ನಾಲ್ಕು ಕೆಲಸದ ದಿನಗಳೊಳಗೆ ಆ ಸುಳ್ಳು ಸಾಲ ನಮ್ಮ ಹೆಸರಿನಡಿ ಕಾಣದಂತೆ ತಡೆಯಬೇಕು. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಈ ಮೂರು ಸಂಸ್ಥೆಗಳಲ್ಲೂ, ನನ್ನ ಹೆಸರಲ್ಲಿ ಬೇರೆಯವರು ಹೊಸ ಸಾಲ ತೆಗೆಯದಂತೆ ಫ್ರೀಜ್ ಹಾಕಿಸಿದೆ. 2018ರಿಂದ ಅದಕ್ಕೆ ದುಡ್ಡು ತಗೊಳ್ಳುವಂತಿಲ್ಲ. ಓಡಾಟ ತಪ್ಪಲಿಲ್ಲ, ತಿಂಗಳುಗಟ್ಟಲೆ ಹಿಡಿಯಿತು. ಆದರೆ “ನಂಬರ್ ಯಾಕೆ ಕೊಟ್ಟೆ” ಅಂತ ಒಬ್ಬರೂ ಕೇಳಲಿಲ್ಲ.

ಹಾಗಂತ ಅಮೆರಿಕವೇ ಮೇಲು ಅನ್ನಲಾರೆ. ಮೋಸಗಾರನ ಮಾತಿಗೆ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಓದಿ ಹೇಳಿದ ವಯಸ್ಸಾದವರು ಇಲ್ಲೂ ಇದ್ದಾರೆ, ಆ ದುಡ್ಡು ವಾಪಸ್ ಬರೋದು ಕಷ್ಟ. ನಮ್ಮ 1930 ನಿಜಕ್ಕೂ ಒಳ್ಳೆಯ ಏರ್ಪಾಡು. ತಕ್ಷಣ ತಿಳಿಸಿದರೆ ದುಡ್ಡು ಕೈಬದಲಾಗುವ ಮೊದಲೇ ಬ್ಯಾಂಕು ತಡೆಹಿಡಿಯಬಹುದು. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ನಿಯಮವೂ ಹೊತ್ತಿನ ಮೇಲೇ ನಿಂತಿತ್ತು: ಬ್ಯಾಂಕಿನದೂ ನಮ್ಮದೂ ತಪ್ಪಿಲ್ಲದೆ ಖಾತೆಯಿಂದ ಹಣ ಹೋಗಿದ್ದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದಾಗ ನಷ್ಟ ನಮ್ಮ ತಲೆಗೆ ಬರುತ್ತಿರಲಿಲ್ಲ. ಇಷ್ಟೆಲ್ಲ ಇದ್ದೂ ದೊಡ್ಡಮ್ಮ ನಾಲ್ಕು ದಿನ ಬಾಯಿ ಬಿಡಲಿಲ್ಲ. ಕಳ್ಳನ ಹೆದರಿಕೆ ಒಂದು ದಿನದ್ದು, ಉಳಿದ ಮೂರು ದಿನ ನಮ್ಮ ಹೆದರಿಕೆ. ನಮ್ಮ ಮಾತಿನ ಹೆದರಿಕೆ. ಇದು ನನ್ನನ್ನು ಇವತ್ತಿಗೂ ಸುಡುತ್ತದೆ.

ರಜೆಗೆ ಊರಿಗೆ ಹೋದಾಗ ಇಬ್ಬರೂ ಕೂತು ಅವರ ಬೆರಳಚ್ಚು ಬೇರೆ ಯಾರೂ ಬಳಸದಂತೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡಿದೆವು. ಆಮೇಲೆ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಅವರ ಹೆಸರಿನ ಸಿಮ್‌ಗಳನ್ನು ನೋಡಿದೆವು. ಮೂರು ಇದ್ದವು. ಎರಡು ಅವರವು. ಮೂರನೆಯದರ ಕೊನೆಯ ಅಂಕಿಗಳನ್ನು ಕನ್ನಡಕ ಏರಿಸಿ ಎರಡೆರಡು ಸಲ ಓದಿ, ‘ನನ್ನ ನಂಬರ್ ಅಲ್ಲ’ ಅನ್ನುವುದನ್ನು ತಾವೇ ಒತ್ತಿದರು. ಆಮೇಲೆ ಕಾಂಪೌಂಡಿನ ಹತ್ತಿರ ಹೋಗಿ ಪಕ್ಕದ ಮನೆಯವರನ್ನು ಕೂಗಿದರು: “ನಿಮ್ ಫೋನ್ ತಗೊಂಡ್ ಬನ್ನಿ, ನನಗೇನಾಯ್ತು ಅಂತ ಹೇಳ್ತೀನಿ.”