ಕಮೋಡಿನ ಮೇಲೆ ನಾಲ್ಕು ಕಾಲು

ಬೆಕ್ಕಿಗೆ ಕಮೋಡ್ ಕಲಿಸಬಹುದೇ ಎಂದರೆ, ಕಲಿಸಬಹುದು. ಬೆಕ್ಕಿಗೆ ಅದು ಬೇಕೇ ಎಂದು ಮಾತ್ರ ಕೇಳಬೇಡಿ. ಮೂಸಿ, ಕೆದರಿ, ಕೂತು, ಮುಚ್ಚಿ, ಮತ್ತೊಮ್ಮೆ ಮೂಸಿ ಖಾತ್ರಿ ಮಾಡಿಕೊಂಡು ಹೋಗುವ ಪ್ರಾಣಿ ಅದು. ನೀರನ್ನು ಕೆದರುವುದಾದರೂ ಹೇಗೆ?

ಮೊದಲು ಲಿಟರ್ ಟ್ರೇಯನ್ನು, ಅಂದರೆ ಬೆಕ್ಕು ಕೆದರಿ ಕೂರಲೆಂದು ಲಿಟರ್ ಎಂಬ ಮರಳಿನಂಥ ಪುಡಿ ತುಂಬಿಟ್ಟ ಟ್ರೇಯನ್ನು, ದಿನಕ್ಕಿಷ್ಟು ಸರಿಸುತ್ತಾ ಕಮೋಡಿನ ಪಕ್ಕಕ್ಕೆ ತನ್ನಿ. ಆಮೇಲೆ ಅದರಡಿ ರಟ್ಟು, ಹಳೇ ಪುಸ್ತಕ ಪೇರಿಸಿ ಎರಡು ಮೂರು ದಿನಕ್ಕೊಮ್ಮೆ ಒಂದೆರಡು ಇಂಚು ಎತ್ತರಿಸಿ. ಒಮ್ಮೆ ಟ್ರೇ ಜಾರಿತೋ, ಬೆಕ್ಕು ಆ ಕಡೆ ತಲೆ ಹಾಕುವುದಿಲ್ಲ. ಎತ್ತರ ಸಮನಾದ ಮೇಲೆ ಸೀಟಿನಡಿ ತಟ್ಟೆಯೊಂದನ್ನು ಟೇಪಿನಿಂದ ಬಿಗಿದು ಲಿಟರ್ ಹರಡಿ. ಉಂಡೆಕಟ್ಟುವ ಬೆಂಟೊನೈಟ್ ಜೇಡಿಯದು ಬೇಡವೇ ಬೇಡ, ನೀರು ಕುಡಿದು ಉಬ್ಬಿ ಪೈಪು ಕಟ್ಟುತ್ತದೆ. ಜಾಝ್ ಸಂಗೀತಗಾರ ಚಾರ್ಲ್ಸ್ ಮಿಂಗಸ್ ತಮ್ಮ ಬೆಕ್ಕು ನೈಟ್‌ಲೈಫ್‌ಗೆ ರಟ್ಟಿನ ಪೆಟ್ಟಿಗೆ, ಹರಿದ ಪತ್ರಿಕೆಯ ಚೂರುಗಳಲ್ಲೇ ಈ ಪಾಠ ಮುಗಿಸಿದ್ದರು.

ಇನ್ನು ತಟ್ಟೆಯ ನಡುವೆ ತೂತು. ಮೊದಲು ಒಂದೇ ಇಂಚು, ಆಮೇಲೆ ವಾರಕ್ಕೊಮ್ಮೆ ತುಸು ಹಿಗ್ಗಿಸುತ್ತಾ, ಲಿಟರ್ ತಗ್ಗಿಸುತ್ತಾ ಹೋಗಿ. ಎಡವಟ್ಟಾಗುವುದು ಇಲ್ಲೇ. ಪಾದಗಳನ್ನು ನೋಡಿ: ಮುಂಗಾಲು ಸೀಟಿನ ಅಂಚಿನಲ್ಲಿ, ಹಿಂಗಾಲು ಇನ್ನೂ ತಟ್ಟೆಯೊಳಗೆ. ಆ ಹಿಂಗಾಲು ತಾನಾಗಿ ಮೇಲೇರುವವರೆಗೆ ಕತ್ತರಿ ಮುಟ್ಟಬಾರದು. ಸೀಟಿನ ತಿರುಪೂ ಬಿಗಿಯಾಗಿರಲಿ. ಅಲುಗುವ ಸೀಟನ್ನು ಯಾವ ಬೆಕ್ಕೂ ನಂಬದು. ಲಿಟರ್ ಪೂರ್ತಿ ಮಾಯವಾದ ದಿನ ಅದು ಸೀಟು ಕೆರೆಯುತ್ತದೆ, ಗೋಡೆ ಕೆರೆಯುತ್ತದೆ, ಸಮಾಧಾನವಾಗದಿದ್ದರೆ ನಿಮ್ಮ ಹಾಸಿಗೆಯನ್ನೇ ಹುಡುಕಿಕೊಂಡು ಹೋಗುತ್ತದೆ. ಬೈದು ಫಲವಿಲ್ಲ. ಹಿಂದಿನ ಸಣ್ಣ ತೂತಿನ ತಟ್ಟೆಗೆ ಮರಳಿ. ಒರೆಸಲು ಅಮೋನಿಯಾ ಇರುವ ದ್ರಾವಣ ಬೇಡ. ಅದರ ವಾಸನೆ ಬೆಕ್ಕಿನ ಮೂಗಿಗೆ ಉಚ್ಚೆಯಂತೆಯೇ, ಮತ್ತೆ ಅಲ್ಲಿಗೇ ಬರುತ್ತದೆ.

ಆರು ತಿಂಗಳೊಳಗಿನ ಮರಿಗೂ ಕೀಲುನೋವಿನ ಮುದಿಬೆಕ್ಕಿಗೂ ಈ ಸರ್ಕಸ್ ಬೇಡ. ಇಲಿ ಹಿಡಿದು ತಿನ್ನುವ ಬೆಕ್ಕಿಗಂತೂ ಬೇಡ: ಅದರ ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ರೋಗ ತರುವ ಪರಾವಲಂಬಿ ಫ್ಲಶ್ಶಿನೊಂದಿಗೆ ನೀರು ಸೇರಿದರೆ ಕ್ಲೋರಿನ್‌ಗೂ ಜಗ್ಗುವುದಿಲ್ಲ. ಗಂಡು ಬೆಕ್ಕಿಗೆ ಮೂತ್ರ ಕಟ್ಟಿಕೊಂಡರೆ ಜೀವಕ್ಕೇ ಅಪಾಯ. ಟ್ರೇಯಲ್ಲಾದರೆ ಒದ್ದೆ ಕಡಿಮೆಯಾದದ್ದು ಕಣ್ಣಿಗೆ ಬೀಳುತ್ತದೆ, ಕಮೋಡಿನಲ್ಲಿ ಅದೂ ನೀರುಪಾಲು.

ಬಾಗಿಲು, ಮುಚ್ಚಳ ಸದಾ ತೆರೆದಿರಬೇಕು. ಇದನ್ನು ಬೆಕ್ಕಿಗಿಂತ ಮನೆಯವರಿಗೆ ಕಲಿಸುವುದು ಕಷ್ಟ. ಫ್ಲಶ್ ಒತ್ತುವುದನ್ನು ಮಾತ್ರ ಕಲಿಸಲು ಹೋಗಬೇಡಿ. ರುಚಿ ಹತ್ತಿತೆಂದರೆ ಕೆಲಸವಿಲ್ಲದಿದ್ದರೂ ನಡುರಾತ್ರಿ ಒತ್ತುತ್ತಲೇ ಇರುತ್ತದೆ.