ಮೊದಲ ಸಫಾರಿಗೆ ಕಬಿನಿಯೋ, ತಾಡೋಬಾವೋ?

ನಾಗಪುರದಲ್ಲಿ ನಮ್ಮ ಪಕ್ಕದ ಮನೆಯವರು ಮೊನ್ನೆ ಕೇಳಿದರು, "ನಿಮ್ಮ ಕಬಿನಿಗೆ ಸಫಾರಿ ಬುಕ್ ಮಾಡೋದು ಹೇಗೆ?" ಮೈಸೂರಿನವನು ನಾನು, ಗತ್ತಿನಿಂದಲೇ ಶುರು ಮಾಡಿದೆ. ಜೀಪ್ ಬೇಕಿದ್ದರೆ ರೆಸಾರ್ಟಿನಲ್ಲಿ ಉಳಿಯಬೇಕು. ಖಾಸಗಿ ರೆಸಾರ್ಟ್ ಆದರೂ ಕಾಡಿಗೆ ಹೋಗುವ ಗಾಡಿ ಕರ್ನಾಟಕ ಸರ್ಕಾರದ ಜಂಗಲ್ ಲಾಡ್ಜಸ್‌ನದ್ದು. ಉಳಿಯೋದು ಬೇಡ ಅಂದರೆ ದಮ್ಮನಕಟ್ಟೆಗೆ ಹೋಗಿ ಅರಣ್ಯ ಇಲಾಖೆಯ ಬಸ್ಸು ಹತ್ತಬೇಕು. ಅಷ್ಟರಲ್ಲಿ ಅವರು, "ಇರಲಿ ಬಿಡಿ, ತಾಡೋಬಾಗೇ ಹೋಗ್ತೀವಿ" ಅಂದುಬಿಟ್ಟರು. ತಾಡೋಬಾ ಅಂದರೆ ಇಲ್ಲೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಹುಲಿ ಕಾಡು. 2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿ, ಮಹಾರಾಷ್ಟ್ರದಲ್ಲಿ 444. ಹುಲಿ ನಮ್ಮಲ್ಲಿ ಜಾಸ್ತಿ, ಗಿರಾಕಿ ಇವರಿಗೆ. ಹೊಟ್ಟೆ ಉರಿಯಲ್ವಾ?

ತಾಡೋಬಾದಲ್ಲಿ ಲೆಕ್ಕ ಸರಳ. ಆನ್‌ಲೈನಿನಲ್ಲಿ ದಿನ, ಗೇಟು, ಬೆಳಗ್ಗೆಯೋ ಮಧ್ಯಾಹ್ನವೋ ಆರಿಸಿದರೆ ಆರು ಜನ ಕೂರುವ ಜಿಪ್ಸಿ (ತೆರೆದ ಜೀಪು) ಇಡಿಯಾಗಿ ನಿಮ್ಮದು. ಎಲ್ಲಿ ಉಳಿದಿದ್ದೀರಿ ಅಂತ ಯಾರೂ ಕೇಳಲ್ಲ. ಹೊಸಬರು ಎಡವುವುದು ಮೊದಲು ರೂಮು ಹಿಡಿದು ಆಮೇಲೆ ಗೇಟು ಹುಡುಕುವಾಗ. ಮೋಹರ್ಲಿ ಗೇಟು ಒಂದು ಮೂಲೆ, ಕೋಲಾರಾ ಇನ್ನೊಂದು ಮೂಲೆ (ನಮ್ಮ ಚಿನ್ನದ ಕೋಲಾರ ಅಲ್ಲ). ರೂಮು ಅಲ್ಲಿ, ಗೇಟು ಇಲ್ಲಿ ಆದರೆ ರಸ್ತೆಯಲ್ಲೇ ಬೆಳಕು ಹರಿಯುತ್ತದೆ. ಮಂಗಳವಾರ ರಜೆ. ಮಳೆಗಾಲದಲ್ಲಿ ಕೋರ್ ಕಾಡು, ಅಂದರೆ ಒಳಗಿನ ಕಾಡು, ಮುಚ್ಚಿರುತ್ತದೆ. ಬುಕಿಂಗಿನಲ್ಲಿ ಕೊಟ್ಟ ಗುರುತಿನ ಚೀಟಿಯನ್ನೇ ಒಯ್ಯಿರಿ. ಮೊಬೈಲ್ ಒಳಗೆ ಬಿಡಲ್ಲ, ಅದೂ ಒಳ್ಳೆಯದೇ.

ನನ್ನ ಮನಸ್ಸು ಗೆದ್ದಿರುವುದು ಇಲ್ಲಿನ ಗೈಡ್‌ಗಳು. ಕಾಡಂಚಿನ ಹಳ್ಳಿಯವರು. ಒಮ್ಮೆ ನಮ್ಮ ಜೊತೆ ಬಂದಿದ್ದ ಹೆಣ್ಣುಮಗಳು ಗಾಡಿ ನಿಲ್ಲಿಸಿ ದಾರಿಯ ಧೂಳು ತೋರಿಸಿದರು. ಟೈರಿನ ಗುರುತಿನ ಮೇಲೆ ಹುಲಿಯ ಹೆಜ್ಜೆ. ಅಂದರೆ ನಮಗಿಂತ ಮುಂದೆ ಹೋದ ಗಾಡಿ ದಾಟಿದ ಮೇಲೆ ಹುಲಿ ಹೋಗಿದೆ. ಇಂಜಿನ್ ಆರಿಸಿ ಕೂತೆವು. ಹುಲಿ ಹತ್ತಿರವಿದೆ ಎಂಬಂತೆ ಜಿಂಕೆ ಎರಡು ಸಲ ಕೂಗಿತು. ಹುಲಿ ಬರಲಿಲ್ಲ, ಆದರೂ ದುಡ್ಡು ದಂಡವಾಯಿತು ಅಂತ ಯಾರಿಗೂ ಅನಿಸಲಿಲ್ಲ. ರಜೆಗೆ ಊರಿಗೆ ಹೋದಾಗ ಹತ್ತಿದ ಸಫಾರಿ ಬಸ್ಸಿನಲ್ಲಿ ಇಂಥ ಮಾತಿಗೆ ಜಾಗವೇ ಇರಲಿಲ್ಲ. ಹಿಂದಿನ ಸೀಟಿನಲ್ಲಿ ಚಿಪ್ಸ್ ಪೊಟ್ಟಣದ ಸದ್ದು, "ಹುಲಿ ಎಲ್ಲಪ್ಪಾ ಡ್ರೈವರ್ರೇ?" ಅನ್ನೋ ಕೂಗು. ಕಾಡು ನಮ್ಮದು, ಅದನ್ನು ತೋರಿಸೋಕೆ ಮಾತ್ರ ನಮಗೆ ಬರಲ್ಲ.

ಹಾಗಂತ ಇಲ್ಲಿ ಎಲ್ಲಾ ಚೆನ್ನ ಅಂತ ಹೇಳೋಕೂ ಆಗಲ್ಲ. ಮೇ ತಿಂಗಳಲ್ಲಿ ಬಿಸಿಲು 45 ಡಿಗ್ರಿ ಮುಟ್ಟುತ್ತದೆ, ಜಿಪ್ಸಿಗೆ ಮೇಲೆ ಹೊದಿಕೆ ಇಲ್ಲ. ಟೋಪಿ, ಮುಖಕ್ಕೆ ಸುತ್ತಿಕೊಳ್ಳೋಕೆ ಹತ್ತಿ ಬಟ್ಟೆ, ಕುಡಿಯೋಕೆ ಧಾರಾಳ ನೀರು ಇರಲೇಬೇಕು. ಡಿಸೆಂಬರಿನ ಬೆಳಗ್ಗೆ ಅದೇ ಗಾಡಿಯಲ್ಲಿ ಸ್ವೆಟರ್ ಸಾಲದು. ಜಿಪ್ಸಿ ಸುಲಭವಾಗಿ ಸಿಕ್ಕರೆ ಏನಾಗುತ್ತೆ ಅಂತಲೂ ನೋಡಿದ್ದಾಯಿತು. 2024ರ ಕೊನೆಯ ದಿನ, ನಾಗಪುರದ ಹತ್ತಿರದ ಉಮರೇಡ್ ಕಾಡಿನಲ್ಲಿ ಒಂದು ತಾಯಿ ಹುಲಿ ಮತ್ತು ಅದರ ಐದು ಮರಿಗಳನ್ನು ಸಫಾರಿ ಗಾಡಿಗಳು ಎರಡೂ ಕಡೆಯಿಂದ ಅಡ್ಡಗಟ್ಟಿದವು. ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಕಬಿನಿಯಲ್ಲಿ ನಮ್ಮವರು ಸಫಾರಿ ಗಾಡಿಗಳನ್ನು ತಮ್ಮ ಕೈಯಲ್ಲೇ ಬಿಗಿಯಾಗಿ ಇಟ್ಟುಕೊಂಡಿರೋದು ಸುಮ್ನೆ ಅಲ್ಲ ಅಂತ ಆಗ ಅನಿಸಿದ್ದು ನಿಜ.

ಇನ್ನು ಆನೆ. ತಾಡೋಬಾದಲ್ಲಿ ಆನೆ ಹಿಂಡು ಇಲ್ಲ. ಏಪ್ರಿಲ್ ಹೊತ್ತಿಗೆ ಕಬಿನಿ ಹಿನ್ನೀರು ಇಳಿದು ಹಸಿರು ಹುಲ್ಲು ಮೇಲೇಳುತ್ತದಲ್ಲ, ಆಗ ಮರಿಗಳ ಸಮೇತ ಇಳಿದು ಬರುವ ಹಿಂಡಿಗೆ ಇಲ್ಲಿ ಸಾಟಿ ಇಲ್ಲ. ಮಕ್ಕಳನ್ನು ಕರೆದುಕೊಂಡು ಮೊದಲ ಸಲ ಹೋಗುವವರು ಬೇಕಾದರೆ ಕಬಿನಿಗೇ ಹೋಗಿ. ಆದರೆ ಸಿಗೋದು ಜೀಪೋ, ಬಸ್ಸೋ, ದೋಣಿಯೋ ಅಂತ ದುಡ್ಡು ಕಟ್ಟುವ ಮೊದಲೇ ರೆಸಾರ್ಟಿನವರಿಂದ ಬರೆಸಿಕೊಳ್ಳಿ.