ಬಾಳೆಹಣ್ಣಿನ ಸಿಪ್ಪೆಗೂ ಗುರುತ್ವ ಬೇಕು ಸ್ವಾಮಿ

ತೆರೆಯ ಮೇಲೆ ಒಂದು ಎತ್ತು ಬಂತೆಂದರೆ ಮೂಲೆಯಲ್ಲಿ ‘ಸಿಜಿಐ’ ಎಂದು ಮೂಡುತ್ತದಲ್ಲ, ಅದನ್ನು ಕಂಡಾಗಲೆಲ್ಲ ವ್ಯವಸ್ಥೆಯ ಮೇಲೆ ಭಕ್ತಿ ಉಕ್ಕುತ್ತದೆ. ಎತ್ತು ಹುಟ್ಟಿದ್ದೇ ಕಂಪ್ಯೂಟರಿನಲ್ಲಿ. ಹುಲ್ಲು ಮೇದಿಲ್ಲ, ಸಗಣಿ ಹಾಕಿಲ್ಲ. ಆದರೂ ಅದಕ್ಕೆ ನೋವಾಗಿಲ್ಲವೆಂದು ಹರಿಯಾಣದ ಬಲ್ಲಭಗಢದಲ್ಲಿ ಕೂತ ಪ್ರಾಣಿ ಕಲ್ಯಾಣ ಮಂಡಳಿಗೆ ಮನವರಿಕೆಯಾಗಬೇಕು. ಸಿನಿಮಾ, ಸರ್ಕಸ್ಸಿನಲ್ಲಿ ಪ್ರಾಣಿ ಬಳಸುವ ಬಗೆಗಿನ 2001ರ ನಿಯಮಗಳು ಬಂದದ್ದು ಉಸಿರಾಡುವ ಪ್ರಾಣಿಗಳಿಗಾಗಿ. ಕಾಳಜಿ ಹೆಚ್ಚಾಗಿ ಉಸಿರಾಡದವಕ್ಕೂ ಹರಿಯಿತು. ಅದೇ ಸಿನಿಮಾದಲ್ಲಿ ಹೀರೋ ಮೂವತ್ತು ಜನರ ಮೂಳೆ ಪುಡಿ ಮಾಡುತ್ತಾನೆ. ಅವರ ಮೂಲೆಯಲ್ಲಿ ಏನೂ ಬರೆದಿರುವುದಿಲ್ಲ, ಪಾಪ, ಅವರಿಗೆ ಬಾಲವಿಲ್ಲ.

ಈ ಲೆಕ್ಕದಲ್ಲಿ 2008ರ ‘ಸ್ಪೇಸ್ ಚಿಂಪ್ಸ್’ ಎಂಬ ಕುಟುಂಬಸಮೇತ ನೋಡುವ ಕಾರ್ಟೂನಿಗೆ ಶುರುವಿನಿಂದ ಕೊನೆಯವರೆಗೂ ಮೂಲೆಯಲ್ಲಿ ಬೋರ್ಡು ಹಾಕಬೇಕು. ಕಥೆ ಗೊತ್ತಿದ್ದದ್ದೇ. ನಾಸಾದ ನೌಕೆಯೊಂದು ದೂರದ ಗ್ರಹದಲ್ಲಿ ಕಳೆದುಹೋಗುತ್ತದೆ, ಹುಡುಕಲು ಚಿಂಪಾಂಜಿಗಳನ್ನು ಕಳಿಸುತ್ತಾರೆ. ನಾಯಕ ಸರ್ಕಸ್ಸಿನ ಫಿರಂಗಿಯಿಂದ ಹಾರುವ ಕೋಡಂಗಿ, ಹೆಸರು ಹ್ಯಾಮ್ ದಿ ಥರ್ಡ್. ಅಂದರೆ ಮೊದಲ ಹ್ಯಾಮ್‌ನ ಮೊಮ್ಮಗ. ಮುಗ್ಗರಿಸುತ್ತಾನೆ, ಡಿಕ್ಕಿ ಹೊಡೆಯುತ್ತಾನೆ, ಬೀಳುತ್ತಾನೆ. ಅನ್ಯಗ್ರಹದವರಿಗೂ ಸೊಗಸಾದ ಇಂಗ್ಲಿಷ್ ಬರುತ್ತದೆ. ಕನ್ನಡ ಬರದಿದ್ದುದಕ್ಕೆ ಅವರನ್ನು ದೂರುವಂತಿಲ್ಲ, ಡಬ್ಬಿಂಗ್ ಬೇಡವೆಂದು ಆಗ ಬಾಗಿಲಿಗೆ ಅಗುಳಿ ಹಾಕಿಕೊಂಡು ಕೂತಿದ್ದವರು ನಾವೇ.

ಬೀಳುವ ವಿಷಯಕ್ಕೆ ಬರೋಣ. ಬಿದ್ದು, ಜಾರಿ, ಏಟು ತಿಂದು ನಗಿಸುವ ಸ್ಲ್ಯಾಪ್‌ಸ್ಟಿಕ್ ಅನ್ನುವುದು ಶುದ್ಧ ಲೆಕ್ಕದ ಕಸುಬು. ಸೆಕೆಂಡಿಗೆ 24 ಫ್ರೇಮು, ಅಂದರೆ 24 ಬಿಡಿ ಚಿತ್ರ. ನಾಲ್ಕಡಿ ಎತ್ತರದಿಂದ ಜಾರಿದವನು ಭೂಮಿಯಲ್ಲಿ 12 ಫ್ರೇಮಿಗೆ ನೆಲ ಮುಟ್ಟುತ್ತಾನೆ. ಕೈಪಳಗಿದ ಆನಿಮೇಟರ್ ಅದಕ್ಕೆ ಮುಂಚೆ ಅವನನ್ನು ಗಾಳಿಯಲ್ಲೇ ಎಂಟು ಹತ್ತು ಫ್ರೇಮು ನಿಲ್ಲಿಸಿ ಕಣ್ಣು ಪಿಳಿಪಿಳಿ ಬಿಡಿಸುತ್ತಾನೆ, ಬಿದ್ದಾಗ ಎರಡು ಫ್ರೇಮು ಚಪಾತಿಯಂತೆ ಲಟ್ಟಿಸುತ್ತಾನೆ, ಆಮೇಲೆ ಪುಟಿಸುತ್ತಾನೆ. ನಗು ಇರುವುದು ಆ ನಿಲುಗಡೆಗೂ ಬೀಳುವ ವೇಗಕ್ಕೂ ಇರುವ ಅಂತರದಲ್ಲಿ. ಇದೇ ನಾಲ್ಕಡಿಯನ್ನು ಮಂಗಳನಲ್ಲಿ ಬೀಳಲು 19 ಫ್ರೇಮು ಬೇಕು. ಚಂದ್ರನಲ್ಲಿ 29. ಅಷ್ಟರಲ್ಲಿ ಪ್ರೇಕ್ಷಕ ಪಾಪ್‌ಕಾರ್ನ್ ಕಡೆ ತಿರುಗಿರುತ್ತಾನೆ. ಇನ್ನು ತೂಕವೇ ಇಲ್ಲದ ನೌಕೆಯೊಳಗೆ ಬೀಳುವ ಮಾತೇ ಇಲ್ಲ. ಬಾಳೆಹಣ್ಣಿನ ಸಿಪ್ಪೆ ಜಾರಬೇಕಾದರೆ ಅದರ ಮೇಲೆ ಭಾರ ಬಿದ್ದ ಕಾಲೊಂದು ಬೇಕು. ಅಲ್ಲಿ ಕಾಲೂ ತೇಲುತ್ತದೆ, ಸಿಪ್ಪೆಯೂ ತೇಲುತ್ತದೆ. ಕಪಾಳಕ್ಕೆ ಹೊಡೆದರೆ ಹೊಡೆಸಿಕೊಂಡವನು ಒಂದು ಕಡೆ, ಹೊಡೆದವನು ಇನ್ನೊಂದು ಕಡೆ ಉರುಳಿಕೊಂಡು ಹೋಗುತ್ತಾರೆ. ಮಾತು ಮುಂದುವರಿಸಲು ಇಬ್ಬರನ್ನೂ ಹಿಡಿದು ತರಬೇಕು. ನೌಕೆಯ ಹೊರಗಾದರೆ ‘ಧೊಪ್’ ಎಂಬ ಸದ್ದೂ ಇಲ್ಲ.

ಹಾಗಾಗಿ ಈ ಜಾತಿಯ ಸಿನಿಮಾಗಳಲ್ಲೆಲ್ಲ ಒಂದೇ ಅಡುಗೆ. ಸ್ವಲ್ಪ ಹೊತ್ತು ತೇಲಿಸು, ತಿಂಡಿ ಹಾರಿಸು, ಒಬ್ಬನ ಹೊಟ್ಟೆ ತೊಳಸಲಿ. ಆಮೇಲೆ ಬೇಗ ಯಾವುದಾದರೂ ಗ್ರಹಕ್ಕೆ ಇಳಿಸು. ಆ ಗ್ರಹದ ಗುರುತ್ವ ಕರಾರುವಾಕ್ಕಾಗಿ ನಮ್ಮ ಗಾಂಧಿನಗರದಷ್ಟೇ ಇರುತ್ತದೆ. ಮಕ್ಕಳ ಸಿನಿಮಾ ತಾನೇ, ಯಾರು ಕೇಳುತ್ತಾರೆ?

ಇಷ್ಟಕ್ಕೆ ನಿಲ್ಲಿಸಿದ್ದರೆ ನಗುತ್ತಲೇ ಎದ್ದು ಹೋಗಬಹುದಿತ್ತು. ಆದರೆ ಆ ತಾತ, ಮೊದಲ ಹ್ಯಾಮ್, ನಿಜವಾಗಿ ಇದ್ದ.

1961ರ ಜನವರಿ 31ರಂದು ಕೇಪ್ ಕೆನವೆರಲ್‌ನಿಂದ ರೆಡ್‌ಸ್ಟೋನ್ ರಾಕೆಟ್ಟಿನಲ್ಲಿ ಹೋದವನು. ಆಗ ಕಡತದಲ್ಲಿ ಅವನಿಗೆ ಇದ್ದದ್ದು ನಂಬರು, 65. ಹೆಸರಿಟ್ಟು ಸತ್ತರೆ ಪೇಪರಿನಲ್ಲಿ ಚೆನ್ನಾಗಿ ಕಾಣುವುದಿಲ್ಲವಲ್ಲ, ಬದುಕಿ ಬಂದ ಮೇಲೆಯೇ ಹ್ಯಾಮ್ ಎಂದು ಲೋಕಕ್ಕೆ ಪರಿಚಯಿಸಿದರು. ಅಮೆರಿಕದ ವಾಯುಪಡೆಯ ಹಾಲೊಮನ್ ನೆಲೆಯ ಪ್ರಯೋಗಾಲಯದ ಮೊದಲಕ್ಷರಗಳು ಅವು, ಹೆಸರೂ ಕಚೇರಿಯದೇ. ಅವನ ಕೆಲಸ ಇಷ್ಟೇ, ನೀಲಿ ದೀಪ ಹೊತ್ತಿದ ಐದು ಸೆಕೆಂಡಿನೊಳಗೆ ಸನ್ನೆ, ಅಂದರೆ ಲಿವರ್, ಒತ್ತಬೇಕು. ಒತ್ತಿದರೆ ಬಾಳೆಹಣ್ಣಿನ ಗುಳಿಗೆ, ತಪ್ಪಿದರೆ ಅಂಗಾಲಿಗೆ ಕರೆಂಟು. ರಾಕೆಟ್ಟು ಹೇಳಿದ್ದಕ್ಕಿಂತ ಜೋರಾಗಿ ಹೋಯಿತು, ಮೇಲೂ ಹೋಯಿತು, ಸುಮಾರು 250 ಕಿಲೋಮೀಟರ್. ಕವಾಟ ತೆರೆದುಕೊಂಡು, ಅವನು ಕೂತಿದ್ದ ಕೋಶದ (ಕ್ಯಾಪ್ಸೂಲಿನ) ಗಾಳಿ ಸೋರಿತು. ತೂಕವಿಲ್ಲದೆ ತೇಲಿದ್ದು ಆರೂವರೆ ನಿಮಿಷ. ಇಳಿಯುವಾಗ 14.7 ಪಟ್ಟು ಗುರುತ್ವ. ಹದಿನೇಳು ಕಿಲೋ ದೇಹ, ಲೆಕ್ಕ ಹಾಕಿ, 250 ಕಿಲೋ ಭಾರ. ಇಲ್ಲಿ ಎರಡು ಫ್ರೇಮು ಚಪಾತಿಯಾಗಿ ಪುಟಿದೇಳುವ ಸೌಲಭ್ಯ ಇರಲಿಲ್ಲ. ಸಮುದ್ರಕ್ಕೆ ಬಿದ್ದ ಕೋಶಕ್ಕೆ ತೂತು ಬಿದ್ದು ನೀರು ನುಗ್ಗುತ್ತಿತ್ತು. ಇಷ್ಟರ ನಡುವೆಯೂ ಅವನು ತನ್ನ ಸನ್ನೆ ಒತ್ತುತ್ತಿದ್ದ.

ಅದೇ ವರ್ಷ ನವೆಂಬರಿನಲ್ಲಿ ಈನೋಸ್ ಎಂಬ ಇನ್ನೊಬ್ಬ ಹೋದ. ಉಪಕರಣ ಕೆಟ್ಟು, ಸರಿ ಸನ್ನೆ ಒತ್ತಿದರೂ ಶಾಕ್. ಅವನು ಸರಿಯಾದದ್ದನ್ನೇ ಒತ್ತುತ್ತ ಹೋದ. ಮಂಗ ಮೊಸರನ್ನ ತಿಂದು ಮೇಕೆ ಬಾಯಿಗೆ ಒರೆಸಿತು ಅಂತ ಗಾದೆ ಮಾಡಿದ್ದೇವೆ ನಾವು. ಇಲ್ಲಿ ತಿಂದದ್ದು ಯಂತ್ರ, ಒರೆಸಿದ್ದು ಮಂಗನ ಬಾಯಿಗೆ. ಸಿನಿಮಾದಲ್ಲಿ ಮಾತ್ರ ನೌಕೆಯಲ್ಲಿ ಕಪಿಚೇಷ್ಟೆ ಮಾಡಿ ಎಲ್ಲ ಎಡವಟ್ಟು ತರುವವು ಚಿಂಪಾಂಜಿಗಳೇ! ಇದನ್ನು ನೋಡಿ ಮಕ್ಕಳು ನಗಬೇಕು. ಕೆಲಸ ತಿಳಿದವನನ್ನೇ ಕೋಡಂಗಿ ಮಾಡಿ ಟಿಕೆಟ್ ಹರಿಯುವ ಈ ದಂಧೆಗೆ ವ್ಯಂಗ್ಯ ಮಾಡಿ ಮಾಡಿ ಸಾಕಾಗಿದೆ. ನಾಚಿಕೆಗೇಡು, ಅಷ್ಟೇ.

ಹ್ಯಾಮ್ ಹಲ್ಲು ಕಿಸಿದ ಚಿತ್ರವೊಂದು ಇಂದಿಗೂ ಓಡಾಡುತ್ತದೆ, ‘ನಗುವ ಚಿಂಪಾಂಜಿ’ ಎಂಬ ಅಡಿಬರಹದೊಂದಿಗೆ. ಚಿಂಪಾಂಜಿ ಹಾಗೆ ಹಲ್ಲು ಬಿಡುವುದು ಹೆದರಿದಾಗ. ವಾಪಸ್ ಬಂದ ಮೇಲೆ ಫೋಟೊದವರಿಗಾಗಿ ಅವನನ್ನು ಮತ್ತೆ ಆ ಆಸನದಲ್ಲಿ ಕೂರಿಸಲು ನೋಡಿದರು. ಕೈಕಾಲು ಹಿಡಿದರೂ ಕೂರಲಿಲ್ಲ. ಆಮೇಲೆ ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಹದಿನೇಳು ವರ್ಷ, ಒಬ್ಬನೇ.